ಓದುವವರು ಮತ್ತು ಕೇಳುವವರು: ಮೈಸೂರು ಸೀಮೆಯ ಗ್ರಂಥಾಲಯ ಚರಿತ್ರೆಯ ಒಂದು ಮುಖ

ಗ್ರಂಥಾಲಯಗಳ ಚರಿತ್ರೆಯನ್ನು ಸಾಮಾನ್ಯವಾಗಿ ಓಲೆ, ಕಾಗದ, ಮುದ್ರಣ, ಗಣಕಯಂತ್ರ ಎಂಬ ಕ್ರಮದಲ್ಲಿ ನಿರೂಪಿಸಲಾಗುತ್ತದೆ. ಸಾಧನಗಳ ಈ ಚರಿತ್ರೆಯಲ್ಲಿ ಕಲಿಯುವವರ ರೂಢಿಗೆ ದೊರೆತಿರುವ ಸ್ಥಾನ ಅಲ್ಪ. ಕನ್ನಡ ನಾಡಿನಲ್ಲಿ ಓದು ಬಹುಕಾಲ ಒಬ್ಬಂಟಿ ಕ್ರಿಯೆಯಾಗಿರಲಿಲ್ಲ. ಗುಡಿಯ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸನ ಭಾರತವನ್ನು ವಾಚಿಸಿದರೆ ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಹೀಗೆ ಅಕ್ಷರ ಬಾರದವರಿಗೂ ಕಾವ್ಯ ದಕ್ಕುತ್ತಿತ್ತು. ಒಂದೇ ಪ್ರತಿ ಊರಿಗೆಲ್ಲ ಒದಗುತ್ತಿತ್ತು.

1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿ ಓಲೆಗರಿಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, ಅಚ್ಚು ಹಾಕಿಸುವ ಮಹತ್ಕಾರ್ಯವನ್ನು ಕೈಗೊಂಡಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ್ದು ಇಲ್ಲಿನ ಹಸ್ತಪ್ರತಿಯಿಂದಲೇ. ಇದರಿಂದ ವಿದ್ವಾಂಸರ ವಲಯ ವಿಸ್ತಾರಗೊಂಡಿತು. ಆದರೆ ಅಚ್ಚಾದ ಪುಸ್ತಕವೂ ಅಕ್ಷರಸ್ಥರನ್ನೇ ನಿರೀಕ್ಷಿಸುತ್ತಿತ್ತು.

ಈ ಅಂತರವನ್ನು ಅರಿತವರು ಶಿಕ್ಷಕರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ತೆರಳಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನೀಡಿದರು. ಆ ಉಪನ್ಯಾಸಗಳೇ ಅನಂತರ ಕಿರುಹೊತ್ತಗೆಗಳಾದವು. ಇಲ್ಲಿ ಮಾತು ಮೊದಲು, ಅಚ್ಚು ಆಮೇಲೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಹೊಸ ಯಂತ್ರವು ಹಳೆಯ ಕೇಳುವ ರೂಢಿಗೆ ಸಹಜವಾಗಿಯೇ ಹೊಂದಿಕೊಂಡಿತು.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಗ್ರಂಥಾಲಯ ಕರದ ಮೂಲಕ ಊರುಗಳ ವಾಚನಾಲಯಗಳಿಗೆ ಭದ್ರ ಬುನಾದಿ ಹಾಕಿತು. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದನೆಯ ಸೂತ್ರ. ಆದರೂ ಈ ಬೆಳವಣಿಗೆಯನ್ನು ಪುಸ್ತಕಗಳ ಸಂಖ್ಯೆಯಿಂದ ಅಳೆದದ್ದೇ ಹೆಚ್ಚು. 'ಮೌನವಾಗಿರಿ' ಎಂಬ ಫಲಕದ ಕೆಳಗೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಗೆ ಎಡೆಯಿರಲಿಲ್ಲ. ಎರವಲು ಪುಸ್ತಕದಲ್ಲಿ ಓದುಗರ ಹೆಸರು ದಾಖಲಾಯಿತು. ಕೇಳುಗರು ಲೆಕ್ಕದಿಂದ ಹೊರಗೇ ಉಳಿದರು.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದು, ಮುಂದೆ ಅರಿವು ಕೇಂದ್ರಗಳೆನಿಸಿದವು. 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭಗೊಂಡಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಗ್ರಾಮೀಣ ತರುಣ ತರುಣಿಯರಿಗೆ ಇದರಿಂದ ಒದಗುವ ನೆರವು ನಿರ್ವಿವಾದ. ಆದರೆ ಧ್ವನಿಯನ್ನೂ ಪುಸ್ತಕದಷ್ಟೇ ಸುಲಭವಾಗಿ ಕಾಪಿಡಬಲ್ಲ ಸಾಧನವು ಕೈಗೆ ಬಂದಿರುವಾಗ, ಅದನ್ನು ಕೇವಲ ಪುಟಗಳ ಉಗ್ರಾಣವಾಗಿಸಿದರೆ ಹಳೆಯ ಲೋಪವೇ ಮರುಕಳಿಸುತ್ತದೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ದನಿಗೆ, ಹಾಡಿದವರ ಹೆಸರು, ಊರು, ಸಂದರ್ಭಗಳೊಡನೆ, ಸೂಚಿಯಲ್ಲಿ ಸ್ಥಾನ ಸಿಗಬೇಕು. ಹಾಗಾದಾಗ ಅಕ್ಷರ ಬಾರದ ಅಜ್ಜಿಯೂ ಗ್ರಂಥಾಲಯದ ಸದಸ್ಯೆಯಾಗಬಲ್ಲಳು.