ಹರಕೆ, ಹಸು, ಕಾರ್ಡು: ಮನಸ್ಸಿನ ಕಾಯಿಲೆಗೆ ದುಡ್ಡು ಕೊಟ್ಟವರು ಯಾರು?

ಮದ್ದೂರಿನ ಪಕ್ಕ, ಶಿಂಷಾ ನದಿ ದಡದಲ್ಲಿ ವೈದ್ಯನಾಥಪುರ. ಊರಿನ ಹೆಸರಲ್ಲೇ ವೈದ್ಯ ಇದ್ದಾನೆ. ಇಲ್ಲಿನ ಶಿವ ವೈದ್ಯನಾಥೇಶ್ವರ. ಕಾಯಿಲೆ ಬಿದ್ದವರು ಬಂದು ಹರಕೆ ಹೊರುವುದು ಹಿಂದಿನಿಂದ ನಡೆದುಬಂದ ರೂಢಿ.

ಹರಕೆ ಲೆಕ್ಕ ಸರಳ. ವಾಸಿಯಾದ ಮೇಲೆ ಕೊಡಬೇಕು. ಆಸ್ಪತ್ರೆ ಲೆಕ್ಕ ಉಲ್ಟಾ. ಮೊದಲು ಕಟ್ಟಬೇಕು, ವಾಸಿ ಆಮೇಲೆ. ವಿಮೆ ಲೆಕ್ಕ ಇನ್ನೂ ಬೇರೆ. ಕಾಯಿಲೆ ಬರೋ ಮೊದಲೇ ಕಟ್ಟಬೇಕು. ಈ ಮೂರು ಲೆಕ್ಕದ ನಡುವೆ ನಮ್ಮ ಚಿಕ್ಕಮ್ಮ ಸಿಕ್ಕಿಕೊಂಡರು.

ಅವರ ಮಗ ಡಿಗ್ರಿ ಓದುತ್ತಿದ್ದ. ನಿದ್ದೆ ಬಿಟ್ಟ, ಮಾತು ಬಿಟ್ಟ, ಕೋಣೆ ಬಿಟ್ಟು ಹೊರಗೆ ಬರುವುದನ್ನೂ ಬಿಟ್ಟ. ಸಿಟಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆ ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ ಬೇಕು ಅಂದರು. ಒಂದು ಸಲಕ್ಕೆ 1,000 ರೂಪಾಯಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೊಟ್ಟಿಗೆಯ ಸೀಮೆ ಹಸು ಮಾರಿಹೋಯಿತು. ಚಿಕ್ಕಮ್ಮ ಕೌಂಟರಿನಲ್ಲಿ ಆರೋಗ್ಯ ಕಾರ್ಡು ತೋರಿಸಿದರೆ, "ಅಡ್ಮಿಟ್ ಆಗಿದ್ರೆ ಕೇಳಿ ನೋಡಬಹುದಿತ್ತು ಅಮ್ಮ, ಬಂದು ಮಾತಾಡಿ ಹೋಗೋದಕ್ಕೆ ಕಾರ್ಡು ನಡೆಯಲ್ಲ" ಅಂದರು.

ಬಸ್ಸಿನಲ್ಲಿ ಚಿಕ್ಕಮ್ಮ ನಮ್ಮನ್ನು ಕೇಳಿದರು: "ಪೇಪರ್‌ನಲ್ಲಿ ಬರಿಯೋನು ನೀನು, ಹೇಳಪ್ಪ. ಮೈಗೆ ಬಂದ್ರೆ ಕಾರ್ಡು, ಮನಸ್ಗೆ ಬಂದ್ರೆ ಹಸು ಅಂತ ಯಾರು ಬರೆದಿಟ್ಟಿದ್ದು?"

ಹುಡುಕಿಕೊಂಡು ಹೋದೆವು. ಸಿಕ್ಕಿದ್ದು ಇಲ್ಲಿದೆ.

ಗೋಡೆಯೊಳಗಿನ ಕಾಲ

ಮೈಸೂರು ಸಂಸ್ಥಾನದಲ್ಲಿ ಮನೋರೋಗಿಗಳಿಗೆ ಇದ್ದದ್ದು ಬೆಂಗಳೂರಿನ ಹುಚ್ಚಾಸ್ಪತ್ರೆ. 1925ರಲ್ಲಿ ಆ ಹೆಸರು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದರು. 1954ರಲ್ಲಿ ಅದರ ಜೊತೆಗೆ ತಜ್ಞರಿಗೆ ತರಬೇತಿ ಕೊಡುವ ಅಖಿಲ ಭಾರತ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಸೇರಿ ಇವತ್ತಿನ ನಿಮ್ಹಾನ್ಸ್ ಆಯಿತು.

ಆ ಕಾಲದಲ್ಲಿ ಖರ್ಚಿನ ದೊಡ್ಡ ಪಾಲು ಸರ್ಕಾರದ್ದೇ. ಆದರೆ ಬಸ್ ಚಾರ್ಜು, ಜೊತೆಗೆ ಹೋದವರ ಕೂಲಿ, ಊರವರ ಬಾಯಿ ಯಾವ ಲೆಕ್ಕದಲ್ಲೂ ಇರಲಿಲ್ಲ. ನಿಮ್ಹಾನ್ಸ್‌ನವರಿಗೂ ಇದು ಗೊತ್ತಾಯಿತು. 1970ರ ದಶಕದಲ್ಲೇ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಮಾಡಿ, ಹಳ್ಳಿ ಆಸ್ಪತ್ರೆ ಡಾಕ್ಟರುಗಳಿಗೆ ಮನೋರೋಗ ಗುರುತಿಸುವುದನ್ನು ಕಲಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ದೊಡ್ಡದಾಗಿ ಮಾಡಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಸಿಗುವಂತಾಯಿತು. ಬಳ್ಳಾರಿಯ ಮಾದರಿ ಇಟ್ಟುಕೊಂಡೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಮ್ಮದೇ ರಾಜ್ಯದ ಒಂದು ಜಿಲ್ಲೆ.

ವಿಮೆ ಬಂದ ದಾರಿ

ಮೈಸೂರು ಸರ್ಕಾರ ತನ್ನ ನೌಕರರಿಗೆ ಜೀವ ವಿಮೆ ಶುರು ಮಾಡಿದ್ದು 1891ರಲ್ಲಿ. ರೈತರ ಆರೋಗ್ಯಕ್ಕೆ ರಾಜ್ಯದಲ್ಲಿ ದೊಡ್ಡ ಯೋಜನೆ ಬರಲು ಅಲ್ಲಿಂದ 100 ವರ್ಷದ ಮೇಲಾಯಿತು.

ಅದು ಯಶಸ್ವಿನಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಆಲೋಚನೆ, ಸಹಕಾರ ಇಲಾಖೆಯ ಜಾಲ. ಆಗ ಮುಖ್ಯಮಂತ್ರಿ ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. 2003ರ ಜೂನ್‌ನಿಂದ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಡೇರಿಗೆ ಹಾಲು ಹಾಕುವವರ ಮನೆಗೂ ಹೃದಯದ ಆಪರೇಷನ್ ಎಟುಕಿತು.

ಆದರೆ ಯಶಸ್ವಿನಿ ಕೊಡುತ್ತಿದ್ದದ್ದು ಮುಖ್ಯವಾಗಿ ಆಪರೇಷನ್ನಿಗೆ. ಯಾಕೆ? ಆಪರೇಷನ್ನಿಗೆ ಒಂದು ದಿನ ಇದೆ, ಒಂದು ರೇಟು ಇದೆ. ಸಾವಿರ ಜನರಲ್ಲಿ ಕೆಲವರಿಗೆ ಮಾತ್ರ ಬೇಕಾಗುತ್ತದೆ. ಹಾಗಾಗಿ 60 ರೂಪಾಯಿಗೆ ಲೆಕ್ಕ ಕೂಡುತ್ತದೆ. ಖಿನ್ನತೆಗೆ ಎಕ್ಸ್-ರೇ ಇಲ್ಲ, ಮುಗಿಯುವ ತಾರೀಖು ಇಲ್ಲ. ವಾರ ವಾರ ಮಾತಾಡಿಸಬೇಕು. ಖಾಸಗಿ ವಿಮಾ ಕಂಪನಿಗಳಂತೂ ಪಾಲಿಸಿಯ ಸಣ್ಣ ಅಕ್ಷರದಲ್ಲಿ "ಮನೋರೋಗಕ್ಕೆ ಅನ್ವಯಿಸುವುದಿಲ್ಲ" ಎಂದು ಬರೆದುಕೊಂಡು ಬಂದವು. ಚಿಕ್ಕಮ್ಮ ಕೇಳಿದ "ಯಾರು ಬರೆದಿಟ್ಟಿದ್ದು" ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

2015ರಲ್ಲಿ ಕಬ್ಬಿನ ಬಾಕಿ, ಸಾಲದ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ರೈತರ ಆತ್ಮಹತ್ಯೆಗಳು ಸಾಲುಗಟ್ಟಿದವು. ಸತ್ತ ಮೇಲೆ ಮನೆಗೆ ಪರಿಹಾರದ ದುಡ್ಡು ಇತ್ತು. ಬದುಕಿದ್ದಾಗ ಕೂರಿಸಿ ಮಾತಾಡಿಸುವುದಕ್ಕೆ ಯಾವ ಕಾರ್ಡಿನಲ್ಲೂ ದುಡ್ಡಿರಲಿಲ್ಲ.

ಕಾನೂನು ಬದಲಾಯಿತು

2017ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮಾಡಿತು. 2018ರ ಮೇ 29ರಿಂದ ಜಾರಿ. ಅದರ 21ನೇ ಸೆಕ್ಷನ್ ಹೇಳುವುದು ಇಷ್ಟು: ಮೈ ಕಾಯಿಲೆಗೆ ಯಾವ ರೀತಿ ವಿಮೆ ಕೊಡುತ್ತೀರೋ, ಮನಸ್ಸಿನ ಕಾಯಿಲೆಗೂ ಅದೇ ರೀತಿ ಕೊಡಬೇಕು. 18ನೇ ಸೆಕ್ಷನ್ ಪ್ರಕಾರ, ಬಡತನ ರೇಖೆಗಿಂತ ಕೆಳಗಿರುವ ಮನೋರೋಗಿಗೆ ಬಿಪಿಎಲ್ ಕಾರ್ಡು ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ ಹಕ್ಕು.

ಕಂಪನಿಗಳು ಸುಲಭಕ್ಕೆ ಬಗ್ಗಲಿಲ್ಲ. ದೆಹಲಿಯಲ್ಲಿ ಒಬ್ಬ ಮಹಿಳೆ ಕೋರ್ಟಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಮನೋರೋಗ ಅನ್ನುವ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದಿತು. ಕೊನೆಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಸರಿಯಾಗಬೇಕು ಎಂದು ಗಡುವು ಕೊಟ್ಟಿತು.

ಇವತ್ತು ಏನು ಸಿಗುತ್ತದೆ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿ ಮನೋರೋಗವೂ ಇದೆ, ಆದರೆ ಅಡ್ಮಿಟ್ ಆದವರಿಗೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಇಲ್ಲದಿದ್ದಾಗ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಖಾಸಗಿ ಪಾಲಿಸಿ ಇದ್ದರೆ ಮೂರು ಮಾತು ಕೇಳಿ. ಹೊರರೋಗಿ ಖರ್ಚು, ಅಂದರೆ ಓಪಿಡಿ, ಇದೆಯಾ? ಮೊದಲೇ ಇದ್ದ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು? (2024ರ ನಿಯಮದಂತೆ 36 ತಿಂಗಳಿಗಿಂತ ಹೆಚ್ಚು ಕಾಯಿಸುವಂತಿಲ್ಲ.) ಮಾತ್ರೆ ತಗೊಳ್ಳುತ್ತಿರುವುದನ್ನು ಫಾರಂನಲ್ಲಿ ಬರೆದಿದ್ದೀರಾ? ನಾಚಿಕೆಗೆ ಮುಚ್ಚಿಟ್ಟರೆ ನಾಳೆ ಕ್ಲೇಮು ಬೀಳುತ್ತದೆ. ಕ್ಲೇಮು ತಳ್ಳಿಹಾಕಿದರೆ ಮೊದಲು ಕಂಪನಿಗೇ ದೂರು ಬರೆಯಿರಿ. ಒಂದು ತಿಂಗಳಾದರೂ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಫೀಸಿಲ್ಲ.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. ಅದರಲ್ಲಿ ಓಪಿಡಿಯೂ ಸೇರಿದೆ. ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ. 1 ಲಕ್ಷದವರೆಗೆ, ಥೆರಪಿ ಖರ್ಚೂ ಸೇರಿ. ಅಂಗವಿಕಲತೆ ಪ್ರಮಾಣಪತ್ರ ಬೇಕು.

ಚಿಕ್ಕಮ್ಮನ ಮಗ ಈಗ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುತ್ತಾನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ರಾತ್ರಿ ಸಂಕಟವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. 2022ರಲ್ಲಿ ಶುರುವಾದ ಪುಕ್ಕಟೆ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾನೂನು ಮೈ ಮನಸ್ಸು ಎರಡೂ ಒಂದೇ ಅಂದಿದೆ. ಆದರೆ ಮನಸ್ಸಿನ ಕಾಯಿಲೆಯಲ್ಲಿ ಅಡ್ಮಿಟ್ ಆಗುವವರು ಕಡಿಮೆ, ವಾರ ವಾರ ಹೋಗಿ ಬರುವವರೇ ಹೆಚ್ಚು. ಆ ಹೋಗಿ ಬರುವ ಖರ್ಚು ಕಾರ್ಡಿಗೆ ಸೇರುವ ತನಕ ಮಾರಿದ ಹಸು ಮಾರಿದ್ದೇ. ಗ್ರಾಮಸಭೆಗೆ ಆರೋಗ್ಯ ಇಲಾಖೆಯವರು ಬಂದಾಗ ಇದನ್ನು ಕೇಳೋಣ. ಮಗ ಮತ್ತೆ ಮಾತಾಡುತ್ತಿದ್ದಾನೆ. ವೈದ್ಯನಾಥೇಶ್ವರನಿಗೆ ಹೊತ್ತ ಹರಕೆಯನ್ನು ಚಿಕ್ಕಮ್ಮ ಕಾರ್ತಿಕ ಸೋಮವಾರ ತೀರಿಸುತ್ತಾರಂತೆ.