ಹರೆಯದವರ ಮೊದಲ ಸೆರೆ

ಇಪ್ಸ್‌ವಿಚ್‌ನಿಂದ ಬ್ರಿಸ್ಬೇನ್‌ಗೆ ರೈಲಿನಲ್ಲಿ ಓಡಾಡುವ ಕನ್ನಡಿಗರಿಗೆ ವೇಕಾಲ್ ನಿಲ್ದಾಣ ಗೊತ್ತು. ಹದಿನೆಂಟು ತುಂಬದವರ ಬಂಧನ ಕೇಂದ್ರಗಳು ಅದೇ ಊರಿನಲ್ಲಿವೆ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಅಲ್ಲಿಗೆ ಹೊಸದಾಗಿ ಬಂದ ಹುಡುಗನ ಮನಸ್ಸಿನಲ್ಲಿ ಏನು ನಡೆಯುತ್ತದೆ? ಈ ಪ್ರಶ್ನೆ ಕೇಳಿಕೊಳ್ಳಲು ಈ ದೇಶಕ್ಕೆ ಬಹಳ ಕಾಲ ಹಿಡಿಯಿತು.

1838ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಹುಡುಗರಿಗಾಗಿಯೇ ಪಾರ್ಕ್‌ಹರ್ಸ್ಟ್ ಜೈಲು ತೆರೆಯಿತು. ಹೊಸಬರನ್ನು ಮೊದಲ ತಿಂಗಳುಗಳಲ್ಲಿ ಒಂಟಿ ಕೋಣೆಯಲ್ಲಿಡುವ ಪದ್ಧತಿ ಅಲ್ಲಿ ಬಂತು. ಒಂಟಿತನದಿಂದ ಪಶ್ಚಾತ್ತಾಪ ಹುಟ್ಟುತ್ತದೆಂದು ಆಗಿನವರ ನಂಬಿಕೆ. 1842ರಿಂದ 1849ರವರೆಗೆ ಅಲ್ಲಿಂದ 234 ಹುಡುಗರನ್ನು ಪರ್ತ್ ಕಡೆಯ ವಸಾಹತಿಗೆ ದುಡಿಯಲು ಕಳಿಸಿದರು. ಅವರಲ್ಲೊಬ್ಬ ಜಾನ್ ಗ್ಯಾವಿನ್. ಯಜಮಾನರ ಮನೆಯ ಮಗನನ್ನು ಕೊಂದ ಅಪರಾಧಕ್ಕೆ 1844ರ ಏಪ್ರಿಲ್ 6ರಂದು ಫ್ರೀಮ್ಯಾಂಟಲ್‌ನ ರೌಂಡ್ ಹೌಸ್ ಎದುರು ಅವನನ್ನು ಗಲ್ಲಿಗೇರಿಸಿದರು. ವಯಸ್ಸು 15.

ಬ್ರಿಸ್ಬೇನ್‌ನಲ್ಲಿ 1871ರಿಂದ ಪ್ರಾಸರ್‌ಪೈನ್ ಎಂಬ ಹಳೆಯ ಹಡಗು, ಅಡಿಲೇಡ್ ಬಳಿ 1880ರಿಂದ ಫಿಟ್ಜ್‌ಜೇಮ್ಸ್ ಎಂಬ ಇನ್ನೊಂದು ಹಡಗು ಹುಡುಗರ ಸುಧಾರಣಾಲಯಗಳಾದವು. ದಡ ಕಣ್ಣೆದುರಿಗೇ ಇತ್ತು, ಇಳಿದು ಹೋಗುವಂತಿರಲಿಲ್ಲ.

ಹೊಸ ಸೆರೆಯಾಳು ಹುಡುಗ ಹೇಗೆ ತಾಳಿಕೊಳ್ಳುತ್ತಾನೆ? ಒಬ್ಬನಿಗೆ ನಿದ್ದೆ ಬರದು, ಊಟ ಸೇರದು. ಇನ್ನೊಬ್ಬ ಹಗಲೆಲ್ಲ ಜಂಬ ಕೊಚ್ಚಿ, ದೀಪ ಆರಿದ ಮೇಲೆ ಹೊದಿಕೆಯೊಳಗೆ ಅಳುತ್ತಾನೆ. ತನ್ನ ಊರಿನವನೊಬ್ಬ ಸಿಕ್ಕರೆ ಅವನಿಗೇ ಅಂಟಿಕೊಳ್ಳುತ್ತಾನೆ. ಮನೆಯವರ ಭೇಟಿಗೆ ದಿನ ಎಣಿಸುತ್ತಾನೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ಜಂಬ ಮಾತ್ರ.

ಜೊತೆಯವರಿದ್ದರೆ ಸೆರೆಯ ಭಾರ ಬೇರೆ. 1942ರ ಡಿಸೆಂಬರಿನಲ್ಲಿ ಎಚ್. ಎಸ್. ದೊರೆಸ್ವಾಮಿ ಬೆಂಗಳೂರು ಜೈಲು ಸೇರಿದಾಗ ಅವರಿಗೆ 24 ವರ್ಷ. ಅಲ್ಲಿ ಕಳೆದ ಹದಿನಾಲ್ಕು ತಿಂಗಳೂ ಅವರ ಸುತ್ತ ಚಳವಳಿಯ ಗೆಳೆಯರಿದ್ದರು. ಹೊರಗೆ ಊರು ಅವರನ್ನು ಗೌರವಿಸುತ್ತಿತ್ತು. ಕಳ್ಳತನಕ್ಕೆ ಸಿಕ್ಕಿಬಿದ್ದ ಹದಿನಾಲ್ಕರ ಹುಡುಗನಿಗೆ ಆ ಆಸರೆ ಎಲ್ಲಿಯದು?

ಬಂಧನದಲ್ಲಿ ಸತ್ತ 99 ಮೂಲನಿವಾಸಿಗಳ ಪ್ರಕರಣಗಳನ್ನು ಪರಿಶೀಲಿಸಿದ ರಾಯಲ್ ಕಮಿಷನ್ 1991ರಲ್ಲಿ ವರದಿ ಕೊಟ್ಟಿತು. ಮೂಲನಿವಾಸಿ ಬಂಧಿಯನ್ನು ಪೊಲೀಸ್ ಕೋಣೆಯಲ್ಲಿ ಆದಷ್ಟು ಒಂಟಿಯಾಗಿಡಬಾರದು, ಸೆರೆ ಕೊನೆಯ ದಾರಿಯಾಗಿರಬೇಕು ಎಂದಿತು. ಪಾರ್ಕ್‌ಹರ್ಸ್ಟ್ ಮದ್ದೆಂದು ಕೊಟ್ಟ ಒಂಟಿತನವೇ ವಿಷವೆಂದು ಒಪ್ಪಲು ಒಂದೂವರೆ ಶತಮಾನ ಬೇಕಾಯಿತು. ಇಂದಿಗೂ ಕ್ವೀನ್ಸ್‌ಲ್ಯಾಂಡ್‌ನ ಬಾಲಬಂಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೂಲನಿವಾಸಿ ಮಕ್ಕಳು. ತಪ್ಪಿಗೆ ಶಿಕ್ಷೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮೊದಲ ರಾತ್ರಿ ಆ ಮಗುವಿನೊಡನೆ ಮಾತಾಡುವ ಒಬ್ಬ ಹಿರಿಯರಾದರೂ ಇರಬೇಕು.