ಕಾಣದವರ ಓಣಿ

ನೆರೆಹೊರೆ ಎಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು ಎಂದೇ ತಿಳಿದು ಬೆಳೆದವರು ನಾವು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆ ನಾಲ್ಕು ಮನೆಗೆ ಗೊತ್ತಾಗುತ್ತಿತ್ತು. ಈಚೆಗೆ ತಂಗಿಯ ಮಗ ಮೊಬೈಲಿನ ಆಟದಿಂದ ತಲೆ ಎತ್ತದೆಯೇ, "ಮಾಮೂ, ನನ್ನ ದೋಸ್ತರೆಲ್ಲಾ ಇದರೊಳಗ ಅದಾರ" ಎಂದ. ನಮಗೆ ನಗು ಬಂತು, ಕಳವಳವೂ ಆಯಿತು. ಮುಖ ಕಾಣದವರ ಜೊತೆ ಬಳಗ ಕಟ್ಟುವುದು ಈ ಕಾಲದ ಹುಡುಗರ ಹುಚ್ಚೇ? ನಮ್ಮ ಅವಳಿ ನಗರದ ಇತಿಹಾಸ ಬೇರೆಯೇ ಮಾತು ಹೇಳುತ್ತದೆ.

1890ರ ಜುಲೈ 20ರಂದು ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗ ಕನ್ನಡಿಗರಿಗೆ ಒಂದು ರಾಜ್ಯವಿರಲಿಲ್ಲ. ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಹೈದರಾಬಾದ್, ಮೈಸೂರು, ಕೊಡಗು ಎಂದು ಅವರು ಹಂಚಿಹೋಗಿದ್ದರು. ಧಾರವಾಡದ ಲೇಖಕನ ಮುಖವನ್ನು ಬಳ್ಳಾರಿಯ ಓದುಗ ಕಂಡವನಲ್ಲ. ಆದರೂ ಪತ್ರಿಕೆ, ಪುಸ್ತಕ, ಅಂಚೆಗಳ ಮೂಲಕ 'ನಾವೆಲ್ಲ ಒಂದು' ಎಂಬ ಭಾವ ಬೆಳೆಯಿತು. 1917ರಲ್ಲಿ ಬಂದ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಆ ಭಾವಕ್ಕೆ ಬಲ ತುಂಬಿತು. 1956ರ ನವೆಂಬರ್ 1ರಂದು ನಕಾಶೆಗೆ ಇಳಿದ ನಾಡಿನಲ್ಲಿ ಜನ ಮನಸ್ಸಿನಿಂದ ಎಂದೋ ವಾಸಕ್ಕೆ ಬಂದಿದ್ದರು. ಇಂಥದ್ದನ್ನೇ ವಿದ್ವಾಂಸ ಬೆನೆಡಿಕ್ಟ್ ಆ್ಯಂಡರ್ಸನ್ 1983ರಲ್ಲಿ 'ಕಲ್ಪಿತ ಸಮುದಾಯ' ಎಂದು ಕರೆದರು.

ಆಮೇಲೆ ರೇಡಿಯೋ ಬಂತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. 1952ರಿಂದ ಸಿಲೋನ್ ರೇಡಿಯೋದಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಕೇಳತೊಡಗಿತು. ಕೋರಿಕೆಯ ಹಾಡುಗಳಿಗಾಗಿ ಬರೆಯುತ್ತಿದ್ದ ಪತ್ರಗಳಿಂದಲೇ ಝುಮ್ರಿ ತಲೈಯಾ ಎಂಬ ದೂರದ ಸಣ್ಣ ಊರು ದೇಶಕ್ಕೆಲ್ಲ ಪರಿಚಿತವಾಯಿತು. ನಮ್ಮ ಅಬ್ಬಾ ಆ ಊರನ್ನು ಎಂದೂ ನೋಡಿದವರಲ್ಲ. ಆದರೆ ಅದರ ಹೆಸರು ಬಂದರೆ ಬೀಗರ ಊರಿನ ಸುದ್ದಿ ಬಂದಂತೆ ಚಾದ ಬಸಿ ಕೆಳಗಿಟ್ಟು ಕಿವಿಗೊಡುತ್ತಿದ್ದರು.

ಕಂಪ್ಯೂಟರಿನ ಕಾಲ್ಪನಿಕ ಲೋಕಗಳೂ ತೀರ ಹೊಸವಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಹುಟ್ಟಿದ 'ಮಡ್' ಎಂಬ ಆಟದಲ್ಲಿ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರ. ಅನೇಕರು ಒಟ್ಟಿಗೆ ಅದರೊಳಗೆ ಅಲೆದಾಡುತ್ತಿದ್ದರು. 2003ರಲ್ಲಿ ಬಂದ 'ಸೆಕೆಂಡ್ ಲೈಫ್'ನಲ್ಲಿ ಜನ ಮನೆ ಕಟ್ಟಿದರು, ಅಂಗಡಿ ಇಟ್ಟರು. ಆ ದಿನಗಳಲ್ಲಿ ನಾವು ಧಾರವಾಡದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ರೊಕ್ಕ ಕೊಟ್ಟು ಉರ್ದು ಶಾಯರಿಯ ಒಂದು ಬಳಗಕ್ಕೆ ಹೋಗುತ್ತಿದ್ದೆವು. ನಮ್ಮ ಗಜಲಿನ ತಪ್ಪು ತಿದ್ದುತ್ತಿದ್ದ ಹಿರಿಯರೊಬ್ಬರ ನಿಜನಾಮ ನಮಗೆ ಗೊತ್ತಿರಲಿಲ್ಲ. ಒಂದು ದಿನ ಆ ತಾಣ ಮುಚ್ಚಿತು. ಉಸ್ತಾದರು ಬದುಕಿದ್ದಾರೋ ಇಲ್ಲವೋ ಎಂದು ಕೇಳಲು ಇಂದಿಗೂ ನಮ್ಮ ಬಳಿ ವಿಳಾಸವಿಲ್ಲ.

ಈ ಓಣಿಗಳಿಂದ ಒಳಿತಾಗಿಲ್ಲವೆಂದಲ್ಲ. 2020ರ ರಮಜಾನಿನಲ್ಲಿ ಕೊರೊನಾದಿಂದಾಗಿ ಮಸೀದಿಗಳ ಬಾಗಿಲು ಮುಚ್ಚಿದ್ದವು. ಆಗ ರಾಮಿ ಇಸ್ಮಾಯಿಲ್ ಎಂಬ ಡಚ್ ಆಟ ತಯಾರಕರು 'ಆ್ಯನಿಮಲ್ ಕ್ರಾಸಿಂಗ್' ಎಂಬ ಆಟದ ತಮ್ಮ ದ್ವೀಪಕ್ಕೆ ಸಹರಿಯ ಹೊತ್ತಿಗೆ ಅತಿಥಿಗಳನ್ನು ಕರೆದರು. ಅಲ್ಲಿದ್ದದ್ದು ಚಿತ್ರದ ಊಟವೇ. ಆದರೂ ಒಂಟಿಯಾಗಿ ಎದ್ದು ಕುಳಿತವರಿಗೆ ಜೊತೆ ಸಿಕ್ಕಿತು. ಎರಡು ವರ್ಷದ ನಂತರ ನಮ್ಮೂರಲ್ಲೇ ಇದರ ಇನ್ನೊಂದು ಮುಖ ಕಂಡೆವು. 2022ರ ಏಪ್ರಿಲ್ 16ರ ರಾತ್ರಿ ಸಾಮಾಜಿಕ ಜಾಲತಾಣದ ಒಂದು ಪೋಸ್ಟಿನಿಂದ ಕೆರಳಿದ ಗುಂಪು ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಸೇರಿತು, ಕಲ್ಲು ತೂರಾಟ ನಡೆಯಿತು. ಪೋಸ್ಟು ಮೊಬೈಲಿನಲ್ಲಿತ್ತು. ಕಲ್ಲು, ಗಾಯ, ಬಂಧನ, ತಾಯಂದಿರ ಕಣ್ಣೀರು ಮಾತ್ರ ನಮ್ಮ ಓಣಿಗಳವು.

ಹಾಗಾದರೆ ಕಾಣದವರ ಬಳಗಗಳಲ್ಲಿ ಒಂದು ಸೇರಿಸುತ್ತದೆ, ಇನ್ನೊಂದು ಸುಡುತ್ತದೆ, ಏಕೆ? ಕೋರಿಕೆಯ ಪತ್ರದಲ್ಲಿ ಹೆಸರಿತ್ತು, ಊರಿತ್ತು. ದ್ವೀಪದ ಸಹರಿಗೆ ಕರೆದವರೂ ತಮ್ಮ ಹೆಸರಿನಿಂದಲೇ ಕರೆದರು, ಬಂದವರ ಜವಾಬ್ದಾರಿ ಅವರ ಮೇಲಿತ್ತು. ಕೈಯಿಂದ ಕೈಗೆ ದಾಟುವ ಪೋಸ್ಟಿಗೆ ಯಾರೂ ಯಜಮಾನರಿಲ್ಲ.

ತಂಗಿಯ ಮಗನಿಗೆ ಮೊಬೈಲು ಬಿಡು ಎಂದು ನಾವು ಹೇಳಲಿಲ್ಲ. "ನಿನ್ನ ದೋಸ್ತರ ಹೆಸರೇನು? ಯಾವ ಊರಿನವರು?" ಎಂದಷ್ಟೇ ಕೇಳಿದೆವು. ಅವನಿಗೆ ಗೊತ್ತಿರಲಿಲ್ಲ. ಮರುದಿನ ಓಡಿಬಂದು, "ಮಾಮೂ, ಒಬ್ಬಾಂವ ಇಲ್ಲೇ ನವಲಗುಂದದಾಂವ! ಅವರ ಅವ್ವಗ ಆರಾಮಿಲ್ಲಂತ" ಎಂದ. "ಹಂಗಾರ ಹೆಂಗ ಅದಾರ ಅಂತ ಕೇಳಪಾ" ಎಂದೆವು.